ಎಕ್ಸೆಲ್ ಇರೋವಾಗ ಡೇಟಾಬೇಸ್ ಯಾಕೆ? ಟಿಪಿಎಸ್, ಎಂಐಎಸ್, ಡಿಎಸ್ಎಸ್ ಎಲ್ಲಾ ಬೇರೆ ಬೇರೆ ಸಾಫ್ಟ್‌ವೇರಾ?

ಕಸ್ಟಮರ್ ಲಿಸ್ಟು, ಆರ್ಡರು ಎಲ್ಲಾ ಎಕ್ಸೆಲ್‌ನಲ್ಲೇ ಇಡಬಹುದಲ್ವಾ ಅಂತ ಕೇಳಿದೀರಿ, ಜೊತೆಗೆ ಸಿಲಬಸ್‌ನಲ್ಲಿರೋ ಟಿಪಿಎಸ್ (ದಿನದ ವ್ಯವಹಾರ ದಾಖಲಿಸೋ ಸಿಸ್ಟಮ್), ಎಂಐಎಸ್ (ಮ್ಯಾನೇಜರ್‌ಗೆ ರಿಪೋರ್ಟ್ ಕೊಡೋದು), ಡಿಎಸ್ಎಸ್ (ನಿರ್ಧಾರಕ್ಕೆ ನೆರವಾಗೋದು) ಗೊಂದಲ ಬೇರೆ. ಮೊದಲನೇದು ಸರಿಯಾಗಿ ತಲೆಗೆ ಹೋದ್ರೆ ಎರಡನೇದು ತಾನಾಗೇ ಬಿಡಿಸ್ಕೊಳ್ಳುತ್ತೆ.

ಇಡಬಹುದು. ಒಬ್ರೇ ಕೂತು ನೂರಿನ್ನೂರು ಸಾಲು ನೋಡ್ಕೊಳ್ಳೋದಾದ್ರೆ ಎಕ್ಸೆಲ್ ಧಾರಾಳ ಸಾಕು. ತೊಂದರೆ ಶುರುವಾಗೋದು ಒಂದೇ ಮಾಹಿತಿ ಹತ್ತು ಕಡೆ ಕೂತಾಗ. ಆರ್ಡರ್ ಶೀಟ್‌ನಲ್ಲಿ ಪ್ರತಿ ಸಾಲಲ್ಲೂ ಕಸ್ಟಮರ್ ಹೆಸರು, ವಿಳಾಸ, ಫೋನ್ ನಂಬರ್ ತುಂಬ್ತೀರಿ ಅಂದ್ಕೊಳ್ಳಿ, ಒಬ್ರು ಐವತ್ತು ಆರ್ಡರ್ ಕೊಟ್ಟಿದಾರೆ, ಈಗ ಅವರ ವಿಳಾಸ ಬದಲಾಯ್ತು, ನೀವು ನಲವತ್ತೆಂಟು ಕಡೆ ತಿದ್ದಿ ಎರಡು ಕಡೆ ಬಿಟ್ರಿ, ಆಮೇಲೆ ಯಾವುದು ಸರಿ ಅಂತ ಶೀಟ್ ನೋಡಿ ಹೇಳಕ್ಕೆ ಯಾರಿಗೂ ಆಗಲ್ಲ. ಡೇಟಾಬೇಸ್‌ನಲ್ಲಿ ಕಸ್ಟಮರ್‌ಗೆ ಒಂದು ಟೇಬಲ್, ಆರ್ಡರ್‌ಗೆ ಇನ್ನೊಂದು. ಕಸ್ಟಮರ್ ಟೇಬಲ್‌ನಲ್ಲಿ ಒಬ್ಬೊಬ್ಬರಿಗೂ ಒಂದೊಂದು ನಂಬರ್, ಅದು ಪ್ರೈಮರಿ ಕೀ. ಆರ್ಡರ್ ಟೇಬಲ್‌ನಲ್ಲಿ ವಿಳಾಸ ಗಿಳಾಸ ಏನೂ ಇಲ್ಲ, ಆ ನಂಬರ್ ಒಂದೇ, ಅಲ್ಲಿ ಅದು ಫಾರಿನ್ ಕೀ. ಇಲ್ಲದೇ ಇರೋ ಕಸ್ಟಮರ್ ನಂಬರ್ ಹಾಕಕ್ಕೆ ಹೋದ್ರೆ, ಫಾರಿನ್ ಕೀ ತಪಾಸಣೆ ಆನ್ ಇದ್ದಾಗ, ಡೇಟಾಬೇಸೇ ಬೇಡ ಅನ್ನುತ್ತೆ. ನಾರ್ಮಲೈಸೇಷನ್ ಅಂತ ಹೆದರಿಸ್ತಾರಲ್ಲ, ಅದರ ಜೀವಾಳ ಇಷ್ಟೇ, ಒಂದು ಮಾಹಿತಿ ಒಂದೇ ಕಡೆ. ಬೆಲೆ ವಿಷಯದಲ್ಲಿ ಮಾತ್ರ ಹುಷಾರು, ಮಾರಿದ ದಿನದ ರೇಟು ಆರ್ಡರ್ ಸಾಲಲ್ಲೇ ಉಳೀಬೇಕು, ಪ್ರಾಡಕ್ಟ್ ಟೇಬಲ್‌ನಿಂದ ಎಳೆದ್ರೆ ರೇಟ್ ಏರಿದಾಗ ಹಳೇ ಬಿಲ್ಲೂ ಏರಿಬಿಡುತ್ತೆ!

ಈ ಟೇಬಲ್ ಐಡಿಯಾ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಅವರದ್ದು, 1970ರ ಪೇಪರ್. ಅದಕ್ಕೂ ಮುಂಚೆ ಐಎಂಎಸ್ ಥರದ ಹಳೇ ಡೇಟಾಬೇಸ್ ಸಿಸ್ಟಮ್‌ಗಳಲ್ಲಿ ಡೇಟಾ ಮರದ ಕೊಂಬೆಗಳ ಹಾಗೆ ಇರ್ತಿತ್ತು, ಯಾವ ದಾರಿ ಹಿಡಿದು ಎಲ್ಲಿಗೆ ಹೋಗ್ಬೇಕು ಅಂತ ಪ್ರೋಗ್ರಾಮ್ ಬರೆಯೋರಿಗೇ ಗೊತ್ತಿರಬೇಕಿತ್ತು. ಟೇಬಲ್‌ಗಳಿಂದ ಡೇಟಾ ಕೇಳೋ ಭಾಷೆ ಎಸ್‌ಕ್ಯೂಎಲ್, ಅದರಲ್ಲಿ ಏನು ಬೇಕು ಅಂತ ಹೇಳಿದ್ರೆ ಸಾಕು, ದಾರಿ ಅದೇ ಹುಡುಕುತ್ತೆ.

ಎಕ್ಸೆಲ್ ಕೈ ಕೊಡೋ ಇನ್ನೊಂದು ಜಾಗ ಅಳತೆ. ಹಳೇ ಎಕ್ಸ್‌ಎಲ್‌ಎಸ್ ಫೈಲ್‌ಗೆ 65,536 ಸಾಲೇ ಮಿತಿ. 2020ರಲ್ಲಿ ಇಂಗ್ಲೆಂಡ್‌ನಲ್ಲಿ ಲ್ಯಾಬ್‌ಗಳಿಂದ ಬಂದ ಕೋವಿಡ್ ರಿಸಲ್ಟ್‌ಗಳನ್ನ ಇಂಥ ಫೈಲ್‌ಗೆ ತುಂಬಕ್ಕೆ ಹೋಗಿ, ಮಿತಿ ದಾಟಿದ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು, 15,841 ಕೇಸ್ ದಿನದ ಲೆಕ್ಕಕ್ಕೇ ಬರಲಿಲ್ಲ, ಅವರ ಸಂಪರ್ಕದಲ್ಲಿದ್ದವರನ್ನ ಹುಡುಕೋದೂ ತಡ ಆಯ್ತು. ಈಗಿನ ಎಕ್ಸೆಲ್‌ನಲ್ಲಿ 10,48,576 ಸಾಲು ಸಿಗುತ್ತೆ, ಆದ್ರೂ ಮಿತಿ ಮಿತಿನೇ.

ಆದ್ರೆ ನನ್ ಪ್ರಕಾರ ಅಸಲಿ ಕಾರಣ ಟ್ರಾನ್ಸಾಕ್ಷನ್. ಸ್ಟಾಕ್‌ನಲ್ಲಿ ಕೊನೇ ಪೀಸ್ ಇದೆ, ಇಬ್ರು ಒಂದೇ ಕ್ಷಣಕ್ಕೆ ಆರ್ಡರ್ ಒತ್ತಿದ್ರು, ಯಾರಿಗೆ ಸಿಗಬೇಕು? ಇಲ್ಲಾ, ಸ್ಟಾಕ್ ಕಮ್ಮಿ ಆಯ್ತು, ಬಿಲ್ ಬರೆಯೋ ಮುಂಚೆ ಕರೆಂಟ್ ಹೋಯ್ತು. ಟ್ರಾನ್ಸಾಕ್ಷನ್ ಅಂದ್ರೆ ಈ ಹೆಜ್ಜೆಗಳೆಲ್ಲ ಸೇರಿ ಒಂದೇ ಗಂಟು, ಒಂದೋ ಪೂರ್ತಿ ಆಗ್ಬೇಕು, ಇಲ್ಲಾಂದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ವಾಪಸ್ ಹೋಗ್ಬೇಕು. ಟ್ರಾನ್ಸಾಕ್ಷನ್‌ಗೆ ಇರಬೇಕಾದ ನಾಲ್ಕು ಗುಣಗಳನ್ನ ಪುಸ್ತಕದಲ್ಲಿ ಆಸಿಡ್ (ACID) ಅಂತಾರೆ, ಅದರ ಮೊದಲನೇ ಅಕ್ಷರ ಇದೇ. ಆ ಇಬ್ರ ಆರ್ಡರ್ ಒಂದಕ್ಕೊಂದು ಅಡ್ಡ ಬರದ ಹಾಗೆ ನೋಡ್ಕೊಳ್ಳೋದೂ ಆ ನಾಲ್ಕರಲ್ಲೇ ಒಂದು.

ಈಗ ನಿಮ್ಮ ಸಿಲಬಸ್ ಪಟ್ಟಿ. ಹೀಗೆ ದಿನದ ಆರ್ಡರ್, ಬಿಲ್ಲು, ಸಂಬಳ ದಾಖಲಿಸೋದು ಟಿಪಿಎಸ್. ಅದೇ ಸಾಲುಗಳನ್ನ ಕೂಡಿಸಿ ಈ ತಿಂಗಳು ಯಾವ ಬ್ರಾಂಚ್ ಎಷ್ಟು ಮಾರಿದೆ ಅಂತ ಮ್ಯಾನೇಜರ್‌ಗೆ ರಿಪೋರ್ಟ್ ಕೊಡೋದು ಎಂಐಎಸ್. ಬೆಲೆ ಸ್ವಲ್ಪ ಇಳಿಸಿದ್ರೆ ಏನಾಗಬಹುದು ಅಂತ ಲೆಕ್ಕ ಹಾಕಿ ನೋಡೋದು ಡಿಎಸ್ಎಸ್. ಇವು ಮೂರು ಬೇರೆ ಬೇರೆ ಡಬ್ಬಿ ಅಲ್ಲ, ಒಂದೇ ಡೇಟಾವನ್ನ ಬೇರೆ ಬೇರೆ ಜನ ಬೇರೆ ಬೇರೆ ಎತ್ತರದಿಂದ ನೋಡೋದು, ಇಡೀ ಕಂಪನಿಯ ಕೆಲಸ ನೋಡ್ಕೊಳ್ಳೋ ಒಂದೇ ಇಆರ್‌ಪಿ ಪ್ಯಾಕೇಜ್‌ನಲ್ಲಿ ಮೂರೂ ಇರಬಹುದು. ಒಂದು ವ್ಯತ್ಯಾಸ ಮಾತ್ರ ನಿಜವಾದದ್ದು: ಐದು ವರ್ಷದ ಮಾರಾಟ ಕೂಡಿಸೋ ದೊಡ್ಡ ಕ್ವೆರಿಯನ್ನ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ) ಬಿಲ್ಲಿಂಗ್ ನಡೀತಿರೋ ಡೇಟಾಬೇಸ್ ಮೇಲೇ ಓಡಿಸಿದ್ರೆ ಕೌಂಟರ್‌ನಲ್ಲಿ ಬಿಲ್ ಹಾಕೋರು ಕಾಯ್ತಾ ಕೂರಬೇಕಾಗಬಹುದು, ಅದಕ್ಕೇ ಡೇಟಾದ ಒಂದು ಪ್ರತಿಯನ್ನ ಬೇರೆ ಕಡೆ ಜೋಡಿಸಿ ಇಡ್ತಾರೆ, ಅದು ಡೇಟಾ ವೇರ್‌ಹೌಸ್.

ಓದೋದರ ಜೊತೆ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್ ಹಾಕ್ಕೊಳ್ಳಿ, ಫ್ರೀ, ಸರ್ವರ್ ಬೇಡ. ಕಸ್ಟಮರ್, ಆರ್ಡರ್, ಪ್ರಾಡಕ್ಟ್ ಅಂತ ಟೇಬಲ್ ಮಾಡಿ, ಒಂದು ಆರ್ಡರ್‌ನಲ್ಲಿ ಹಲವು ಪ್ರಾಡಕ್ಟ್ ಇರೋದನ್ನ ಹೇಗೆ ಇಡ್ತೀರಿ ಅಂತ ಯೋಚಿಸಿ, ಮೂರು ಟೇಬಲ್ ಸಾಲಲ್ಲ, ನಾಲ್ಕನೇದು ಯಾಕೆ ಬೇಕು ಅಂತ ಅಲ್ಲೇ ಗೊತ್ತಾಗುತ್ತೆ.