ಬೇಲಿ ಕಂಬ ನೆಲದ ಮಟ್ಟದಲ್ಲೇ ಯಾಕೆ ಕೊಳೆಯುತ್ತೆ?

ಪ್ರಶ್ನೆ: ಸರ್, ನಾಲ್ಕು ವರ್ಷದ ಹಿಂದೆ ಹಿತ್ತಲ ಸುತ್ತ ಆರಡಿ ಎತ್ತರದ ಮರದ ಬೇಲಿ ಹಾಕಿಸಿದ್ವಿ, ಕಂಬಕ್ಕೆಲ್ಲ ಕಾಂಕ್ರೀಟ್ ತುಂಬಿದ್ರು. ಮೊನ್ನೆ ಗಾಳಿಗೆ ಒಂದು ಸಾಲು ಪೂರ್ತಿ ವಾಲ್ಕೊಂಡಿದೆ. ಹಲಗೆ ಚೆನ್ನಾಗೇ ಇದೆ, ಕಂಬ ಮಾತ್ರ ನೆಲದ ಹತ್ರ ಕೊಳೆತು ಮುರಿದಿದೆ. ಹೊಸದಾಗಿ ಹಾಕುವಾಗ ಕಾಂಕ್ರೀಟ್ ಬೇಡ್ವಾ?

ಉತ್ತರ: ಕಾಂಕ್ರೀಟ್ ಹಾಕಿ, ಆದ್ರೆ ಹಾಕೋ ರೀತಿ ಬದಲಾಯ್ಸಿ. ಮುರಿದ ಕಂಬದ ಬುಡ ಅಗೆದು ತೆಗೆದು ನೋಡಿ, ಎಷ್ಟೋ ಸಲ ಎರಡಡಿ ಕೆಳಗಿನ ತುದಿ ಗಟ್ಟಿಯಾಗೇ ಇರುತ್ತೆ. ಮರ ಕೊಳೆಸೋ ಬೂಷ್ಟಿಗೆ ನೀರೂ ಬೇಕು ಗಾಳಿಯೂ ಬೇಕು. ಆಳದಲ್ಲಿ ಗಾಳಿ ಕಮ್ಮಿ, ಮೇಲ್ಗಡೆ ಮಳೆ ನಿಂತ್ರೆ ಮರ ಒಣಗಿಬಿಡುತ್ತೆ, ಎರಡೂ ಒಟ್ಟಿಗೆ ಸಿಗೋದು ನೆಲದ ಮಟ್ಟದಲ್ಲೇ. ಅದರ ಜೊತೆಗೆ ಕಂಬದ ಅಡಿಗೂ ಕಾಂಕ್ರೀಟ್ ಸುರಿದು ಮೇಲೆ ನೆಲಕ್ಕೆ ಸಮ ಮಾಡಿಬಿಟ್ರೆ ಅದು ಒಂದು ಲೋಟ ಇದ್ದಂಗೆ, ಮರ ಒಣಗಿ ಕುಗ್ಗಿದಾಗ ಸುತ್ತ ಕೂದಲೆಳೆ ಸಂದು ಬಿಡುತ್ತೆ, ಮಳೆ ನೀರು ಇಳಿಯುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ.

ಹಂಗಾಗಿ ನಾಲ್ಕಿಂಚಿನ ಕಂಬಕ್ಕೆ ಒಂದಡಿ ಅಗಲದ ಗುಂಡಿ ತೋಡ್ಸಿ. ಆರಡಿ ಬೇಲಿಗೆ ಒಂಬತ್ತಡಿ ಕಂಬ ತಗೊಂಡು ಮೂರಡಿ ನೆಲದೊಳಗೆ ಇಳಿಸಿ, ಗುಂಡಿ ಅದಕ್ಕಿಂತ ಅರ್ಧ ಅಡಿ ಜಾಸ್ತಿ ಇರ್ಲಿ, ಆ ಅರ್ಧ ಅಡಿಗೆ ಜಲ್ಲಿ ಹಾಕಿ ದಮ್ಮಸ್ ಮಾಡಿ. ಕಂಬ ಜಲ್ಲಿ ಮೇಲೆ ನೇರವಾಗಿ ನಿಲ್ಬೇಕು, ಕಾಂಕ್ರೀಟ್ ಪಕ್ಕದಲ್ಲಿ ಮಾತ್ರ. ಮೇಲ್ಗಡೆ ನೆಲಕ್ಕಿಂತ ಒಂದಿಂಚು ಎತ್ತರಕ್ಕೆ ತಂದು ಕರಣೆಯಲ್ಲಿ ಹೊರಗೆ ಇಳಿಜಾರು ಕೊಡಿ. ಕಂಬ ಕೊಯ್ದಿದ್ರೆ ಕೊಯ್ದ ತುದಿಗೆ ಮರದ ಔಷಧಿ ಎರಡು ಸಲ ಬಳಿದು, ಆ ತುದಿನ ಮೇಲಕ್ಕೆ ಇಡಿ, ಯಾಕಂದ್ರೆ ಅಡ್ಡ ಕೊಯ್ದ ಕಡೆ ಮರ ನೀರನ್ನ ಬತ್ತಿ ಥರ ಹೀರ್ಕೊಳ್ಳುತ್ತೆ. ಔಷಧಿ ಹಾಕದ ಮರ ಆದ್ರೆ ಚೇಗು (ಮರದ ಒಳಗಿನ ಗಟ್ಟಿ ತಿರುಳು) ಇರೋದನ್ನೇ ಆರ್ಸಿ, ಹೊರಗಿನ ಬಿಳಿ ಭಾಗ ಯಾವ ಜಾತಿ ಮರದ್ದಾದ್ರೂ ಬೇಗ ಹೋಗುತ್ತೆ.

ಹಲಗೆ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ (ಜನ ಬಣ್ಣಕ್ಕೆ ಮಾಡೋ ಯೋಚನೆ ಗುಂಡಿಗೆ ಮಾಡಲ್ಲ, ಅದೇ ಬೇಜಾರು). ನೆಲದಿಂದ ಎರಡಿಂಚು ಮೇಲಿರ್ಲಿ, ಗ್ಯಾಲ್ವನೈಸ್ಡ್ ಇಲ್ಲಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ, ತಾಮ್ರದ ಔಷಧಿ ಕುಡಿದ ಮರದಲ್ಲಿ ಸಾದಾ ಮೊಳೆ ಬೇಗ ತುಕ್ಕು ಹಿಡಿಯುತ್ತೆ.

ಇನ್ನೊಂದು, ಹಳೇ ಹಲಗೆ ಬಿಸಾಕಬೇಡಿ. ಸ್ಕ್ರೂಡ್ರೈವರ್ ತುದಿಯಲ್ಲಿ ಒತ್ತಿ ನೋಡಿ, ಒಳಗೆ ಇಳೀದೇ ಇದ್ರೆ ಮತ್ತೆ ಬಳಸ್ಬಹುದು. ಹಳೇ ಕಾಂಕ್ರೀಟ್ ಗಡ್ಡೆ ಎಲ್ಲಾ ಕೀಳೋದೂ ಬೇಕಿಲ್ಲ, ಎಂಟಡಿಗೊಂದು ಕಂಬ ಇದ್ದಿದ್ರೆ ಮೊದಲನೇ ಅಂತರ ಮಾತ್ರ ನಾಲ್ಕಡಿ ಮಾಡ್ಕೊಳ್ಳಿ, ಆಮೇಲೆ ಎಂಟೆಂಟು ಅಡಿನೇ, ಆಗ ಹೊಸ ಗುಂಡಿಗಳೆಲ್ಲ ಹಳೇ ಗಡ್ಡೆಗಳ ನಡುವೆ ಬೀಳುತ್ತೆ, ಅಡ್ಡಪಟ್ಟಿಯಲ್ಲೂ ಎರಡು ತುದಿಯವು ಮಾತ್ರ ಕೊಯ್ದ್ರೆ ಸಾಕು. ಮೂಲೆ ಕಂಬ, ಗೇಟಿನ ಕಂಬ ಮಾತ್ರ ಅದೇ ಜಾಗದಲ್ಲೇ ಬರ್ಬೇಕಲ್ಲ, ಅಲ್ಲಿ ಗಡ್ಡೆ ತೆಗೀಲೇಬೇಕು, ಹಾರೆ ಹಾಕಿ ಒಂದು ಪಕ್ಕ ಅಗೆದು ಹೊರಳಿಸಿದ್ರೆ ಬರುತ್ತೆ. ಹೊಸ ಗುಂಡಿ ತೋಡೋ ಮುಂಚೆ ನೀರಿನ ಪೈಪು, ಕರೆಂಟ್ ಕೇಬಲ್ ಎಲ್ಲಿ ಹೋಗಿದೆ ಅಂತ ನೋಡ್ಕೊಂಡಿರಿ.