ಕೋಳಿಮರಿಯ ಮಣ್ಣಿಗೆ ಮದ್ದು ಬೆರೆಸಬೇಡಿ

ಪ್ರಶ್ನೆ: ಮೂರು ವಾರದ 12 ಗಿರಿರಾಜ ಮರಿಗಳನ್ನು ಸಾಕಿದ್ದೇವೆ. ತಾರಸಿ ಮೇಲೆ ಶೆಡ್ ಇದೆ, ಸಿಮೆಂಟ್ ನೆಲ. ಹೊರಳಾಡಲು ಮಣ್ಣು ಮಾಡಿಕೊಡಬೇಕು ಅಂತಿದ್ದೇವೆ. ಅದಕ್ಕೆ ಬೂದಿ, ಸುಣ್ಣ, ಹೇನಿನ ಪುಡಿ ಎಷ್ಟೆಷ್ಟು ಬೆರೆಸಬೇಕು?
(ನಿಟ್ಟುವಳ್ಳಿ, ದಾವಣಗೆರೆ)

ಉತ್ತರ: ಸುಣ್ಣ ಬೇಡ. ಪುಡಿ ಬೇಡವೇ ಬೇಡ. ಬೂದಿ ಈಗಲೇ ಬೇಡ. ಈ ಪ್ರಶ್ನೆ ನನಗೆ ವಾರವಾರ ಬರುತ್ತದೆ. ಎಲ್ಲರೂ ಕೇಳುವುದು ಮದ್ದಿನ ಅಳತೆಯನ್ನೇ. ಎಂಥ ಮಣ್ಣು ತರಬೇಕು ಅಂತ ಒಬ್ಬರೂ ಕೇಳುವುದಿಲ್ಲ. ಅದಕ್ಕೇ ಇವತ್ತು ಮಣ್ಣಿನ ವಿಷಯವನ್ನೇ ಜಾಸ್ತಿ ಬರೆಯುತ್ತೇನೆ.

ಕೋಳಿಗೆ ಬಾಲದ ಬುಡದಲ್ಲಿ ಒಂದು ಎಣ್ಣೆ ಗ್ರಂಥಿ ಇದೆ. ಕೊಕ್ಕಿನಿಂದ ಆ ಎಣ್ಣೆ ತೆಗೆದು ಪುಕ್ಕಕ್ಕೆ ಸವರಿಕೊಳ್ಳುತ್ತದೆ. ದಿನ ಕಳೆದಂತೆ ಎಣ್ಣೆ ಹಳತಾಗಿ ಜಿಡ್ಡು ಕಟ್ಟುತ್ತದೆ. ಒಣ ಪುಡಿಮಣ್ಣು ಆ ಜಿಡ್ಡನ್ನು ಹೀರಿಕೊಳ್ಳುತ್ತದೆ. ಮೈ ಕೊಡವಿದಾಗ ಮಣ್ಣಿನ ಜೊತೆ ಜಿಡ್ಡೂ ಹೋಗುತ್ತದೆ, ಒಂದಿಷ್ಟು ಹೇನೂ ಉದುರುತ್ತವೆ. ಇದನ್ನು ತಾಯಿಕೋಳಿ ಕಲಿಸಬೇಕಾಗಿಲ್ಲ. ಹತ್ತು ದಿನದ ಮರಿಯೂ ಕಾಲಲ್ಲಿ ಕೆರೆದು, ಕೂತು, ರೆಕ್ಕೆ ಬಡಿಯಲು ನೋಡುತ್ತದೆ. ಮಣ್ಣು ಸಿಗದಿದ್ದರೆ ಬರೀ ನೆಲದ ಮೇಲೆ, ಇಲ್ಲವೇ ಆಹಾರದ ತಟ್ಟೆಯಲ್ಲೇ ಹೊರಳುತ್ತದೆ. ಆಹಾರ ಚೆಲ್ಲುತ್ತವೆ ಅಂತ ಬೈಯುವವರು ಒಮ್ಮೆ ಮಣ್ಣಿಟ್ಟು ನೋಡಿ.

ಮಣ್ಣು ನಯವಾಗಿರಬೇಕು, ಒಣಗಿರಬೇಕು, ಶುಚಿಯಾಗಿರಬೇಕು. ನಿಮ್ಮ ಸುತ್ತ ಸಿಗುವ ಎರೆಮಣ್ಣು ಇದಕ್ಕೆ ಆಗುವುದಿಲ್ಲ. ನೆನೆದರೆ ಅಂಟುತ್ತದೆ, ಒಣಗಿದರೆ ಹೆಂಟೆ ಕಟ್ಟುತ್ತದೆ. ಜಗಳೂರು, ಹೊಳಲ್ಕೆರೆ ಕಡೆಯ ಕೆಮ್ಮಣ್ಣು ಒಳ್ಳೆಯದು. ಆದರೆ ತಿಪ್ಪೆ ಹತ್ತಿರದ್ದು, ಬೇರೆ ಕೋಳಿಗಳು ಓಡಾಡುವ ಜಾಗದ್ದು ತರಬೇಡಿ. ಕಳೆನಾಶಕ ಹೊಡೆದ ಮೆಕ್ಕೆಜೋಳದ ಹೊಲದ ಮಣ್ಣೂ ಬೇಡ. ಮೇಲಿನ ಅರ್ಧ ಅಡಿ ತೆಗೆದುಹಾಕಿ ಕೆಳಗಿನದನ್ನು ತನ್ನಿ. ಎರಡು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಮರಳು ಸೇರಿಸಿ. ಹಳ್ಳದ ಮರಳಾದರೆ ಸರಿ. ಎಂ-ಸ್ಯಾಂಡ್ ಬೇಡ, ಅದು ಒಡೆದ ಕಲ್ಲು, ಅಂಚು ಚೂಪಾಗಿರುತ್ತದೆ.

ಎರಡನ್ನೂ ತಾಡಪಾಲಿನ ಮೇಲೆ ತೆಳ್ಳಗೆ ಹರವಿ ಎರಡು ದಿನ ಬಿಸಿಲಿಗೆ ಹಾಕಿ. ಆಮೇಲೆ ಜರಡಿ ಹಿಡಿಯಿರಿ. ಮಣ್ಣು ಹಾಕಿಡಲು ಗಾರೆ ಕೆಲಸದವರ ಹಳೇ ಬಾಂಡ್ಲಿ ಸಾಕು, ಸಿಮೆಂಟ್ ಮೆತ್ತಿರಬಾರದು ಅಷ್ಟೇ. ಮೂರು ವಾರದ ಮರಿಗೆ ಎರಡು ಇಂಚು ಮಣ್ಣು, ಆರು ವಾರ ದಾಟಿದರೆ ನಾಲ್ಕು ಇಂಚು. 12 ಮರಿಗೆ ಎರಡು ಬಾಂಡ್ಲಿ ಇಡಿ. ಒಂದು ಹೊರಳಲು ಶುರು ಮಾಡಿದರೆ ಉಳಿದವೂ ಬಂದು ಬೀಳುತ್ತವೆ, ಒಂದೇ ಇದ್ದರೆ ತುಳಿದಾಟವಾಗುತ್ತದೆ. ಮೊದಲ ದಿನ ಹೊಟ್ಟೆ ತುಂಬ ಆಹಾರ ಕೊಟ್ಟ ಮೇಲೆ ಇಡಿ. ಹಸಿದ ಮರಿ ಮರಳನ್ನೇ ತಿಂದು ಕತ್ತಿನ ಬುಡದ ಆಹಾರ ಚೀಲ ತುಂಬಿಕೊಳ್ಳುತ್ತದೆ. ನಡುಹಗಲಿನ ಬಿಸಿಲು ಅದಕ್ಕೆ ಇಷ್ಟ, ಹಾಗಾಗಿ ಬೆಳಕು ಬೀಳುವ ಮೂಲೆ ನೋಡಿ.

ನೀರಿನ ಪಾತ್ರೆಯಿಂದ ಮಾತ್ರ ದೂರ ಇರಲಿ. ಇದನ್ನು ಒತ್ತಿ ಹೇಳುತ್ತೇನೆ. ಮೂರರಿಂದ ಆರು ವಾರದ ಮರಿಗಳಿಗೆ ರಕ್ತಭೇದಿ ಬರುವುದು ಜಾಸ್ತಿ. ಆ ರೋಗ ತರುವ ಸೂಕ್ಷ್ಮಜೀವಿಯ ಮೊಟ್ಟೆಗಳು ಹಿಕ್ಕೆಯಲ್ಲಿ ಬರುತ್ತವೆ. ತೇವ, ಬೆಚ್ಚಗೆ ಎರಡೂ ಸಿಕ್ಕರೆ ಒಂದೆರಡು ದಿನದಲ್ಲೇ ರೋಗ ಹಚ್ಚಲು ತಯಾರಾಗುತ್ತವೆ. ಅದಕ್ಕೇ ದಿನಾ ಸಂಜೆ ಜರಡಿಯಲ್ಲಿ ಹಿಕ್ಕೆ ಆರಿಸಿ ತೆಗೆಯಿರಿ. 15 ದಿನಕ್ಕೊಮ್ಮೆ ಪೂರ್ತಿ ಮಣ್ಣು ಬದಲಿಸಿ. ಮಳೆ ಎರಚಲು ಬಿದ್ದು ನೆನೆದರೆ ಅವತ್ತೇ ಚೆಲ್ಲಿ, ಒಣಗಿಸಿ ಮತ್ತೆ ಹಾಕಬೇಡಿ.

ಇನ್ನು ನಿಮ್ಮ ಮದ್ದುಗಳು. ಸುಣ್ಣ ಮರಿಯ ಕಣ್ಣು ಸುಡುತ್ತದೆ. ಸೌದೆ ಒಲೆಯ ಬೂದಿ ನೆನೆದರೆ ಕ್ಷಾರ, ನಮ್ಮ ಅಜ್ಜಿಯರು ಅದರಲ್ಲೇ ಪಾತ್ರೆ ಬೆಳಗಿ ಬಟ್ಟೆ ಒಗೆಯುತ್ತಿದ್ದರು ಅಲ್ವಾ? ಎಳೆ ಚರ್ಮಕ್ಕೆ ಅದು ಹಾಕಲು ನನಗೆ ಧೈರ್ಯವಿಲ್ಲ. ಎರಡು ತಿಂಗಳಾದ ಮೇಲೆ ಹತ್ತು ಪಾಲು ಮಣ್ಣಿಗೆ ಒಂದು ಪಾಲು, ಜರಡಿ ಹಿಡಿದದ್ದು, ಹಾಕಿ. ಬೇರೆ ಕಡೆ ಇನ್ನೂ ಜಾಸ್ತಿ ಹೇಳುತ್ತಾರೆ, ನಾನು ಹೇಳುವುದಿಲ್ಲ. ದಾವಣಗೆರೆಯವರು ಮಂಡಕ್ಕಿ ಭಟ್ಟಿಯಿಂದ, ರೈಸ್ ಮಿಲ್‌ನಿಂದ ಪುಕ್ಕಟೆ ಬೂದಿ ತಂದು ಸುರಿಯುತ್ತಾರೆ. ಭತ್ತದ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಸಿಲಿಕಾ ಇರುತ್ತದೆ. ಕೋಳಿಗೆ ಶ್ವಾಸಕೋಶದ ಜೊತೆಗೆ ಗಾಳಿಚೀಲಗಳೂ ಇವೆ. ಆ ಧೂಳು ಅಷ್ಟು ಒಳಗೆ ಹೋಗುವುದು ಬೇಡ.

ಹೇನಿನ ಪುಡಿಯ ಮಾತು ಬಂದರೆ ನನಗೆ ಸಿಟ್ಟು ತಡೆಯುವುದಿಲ್ಲ. ಕೆಲವು ವರ್ಷದ ಹಿಂದೆ ಹಳ್ಳಿಯ ಒಬ್ಬ ತಾಯಿ ರಟ್ಟಿನ ಡಬ್ಬಿಯಲ್ಲಿ 14 ಮರಿ ತಂದಿದ್ದರು. ಸಂತೆಯಲ್ಲಿ ಯಾರೋ ಕೊಟ್ಟ ಬಿಳಿ ಪುಡಿಯನ್ನು ಬೂದಿಗೆ ಕಲಸಿ ಇಟ್ಟಿದ್ದರಂತೆ. ಮರಿಗಳು ಜೊಲ್ಲು ಸುರಿಸಿ ನಡುಗುತ್ತಿದ್ದವು. ಐದು ಉಳಿದವು. ಆ ಮರಿ ಮಾರಿ ಮಗಳಿಗೆ ಶಾಲೆಯ ಬ್ಯಾಗ್ ಕೊಡಿಸಬೇಕಿತ್ತು ಅಂದರು. ಪುಡಿ ಕೊಟ್ಟವನು ಮುಂದಿನ ಸಂತೆಗೆ ಬರಲಿಲ್ಲ. ಹೆಸರಿಲ್ಲದ ಪುಡಿಯಲ್ಲಿ ಏನಿದೆ ಅಂತ ನನಗೂ ಗೊತ್ತಾಗುವುದಿಲ್ಲ. ಕೆಲವರು ಈಗಲೂ ಗೆಮಾಕ್ಸಿನ್ ಕೇಳುತ್ತಾರೆ. ಆ ಬಿಎಚ್‌ಸಿ ಪುಡಿ ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧವಾಗಿದೆ. ಮರಿ ಹೊರಳುವ ಮಣ್ಣನ್ನೇ ಕುಕ್ಕಿ ತಿನ್ನುತ್ತದೆ, ಅದನ್ನೇ ಉಸಿರಾಡುತ್ತದೆ. ಹೊಗೆಸೊಪ್ಪಿನ ಪುಡಿ, ಸೀಮೆಎಣ್ಣೆ ಎರಡಕ್ಕೂ ಇದೇ ಉತ್ತರ. ಬೇವಿನ ಒಣ ಎಲೆ ಪುಡಿ ಒಂದು ಹಿಡಿ ಹಾಕಿದರೆ ತೊಂದರೆ ಇಲ್ಲ, ಅದರಿಂದ ಹೇನೆಲ್ಲ ಹೋಗುತ್ತದೆ ಅಂತ ಮಾತ್ರ ನಂಬಬೇಡಿ. ನಿಜವಾಗಿ ಹೇನು ಹತ್ತಿದ್ದರೆ ಪುಕ್ಕದ ಬುಡದಲ್ಲಿ, ಗುದದ ಸುತ್ತ ಬಿಳಿ ಮೊಟ್ಟೆ ಗೊಂಚಲು ಕಾಣುತ್ತದೆ. ಮರಿಯನ್ನು ಪಶು ಆಸ್ಪತ್ರೆಗೆ ತನ್ನಿ.

ಪ್ರಶ್ನೆ: ಮರಿ ಮಣ್ಣಲ್ಲಿ ಒಂದು ಮಗ್ಗುಲಿಗೆ ಬಿದ್ದು ಕಾಲು ಒದರುತ್ತದೆ. ಫಿಟ್ಸ್ ಇರಬಹುದಾ? (ಚಳ್ಳಕೆರೆ)

ಉತ್ತರ: ಅದು ಸುಖವಾಗಿ ಹೊರಳುತ್ತಿದೆ, ಎತ್ತಬೇಡಿ. ಎದ್ದು ಮೈ ಕೊಡವಿ ಓಡಿದರೆ ಸರಿ. ಏಳಲಾಗದೆ ಕತ್ತು ತಿರುಚಿಕೊಂಡಿದ್ದರೆ ಅದು ರಾಣಿಖೇತ್ ಅನ್ನುವ ಕೋಳಿಯ ಅಂಟುರೋಗ ಇರಬಹುದು. ಆ ಮರಿಯನ್ನು ಬೇರೆ ಇಟ್ಟು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮಣ್ಣಿನ ಬದಲು ಬೇಬಿ ಶಾಂಪೂ ಹಾಕಿ ತೊಳೆದರೆ? (ಹರಿಹರ)

ಉತ್ತರ: ಚಳಿ ಹಿಡಿದು ಸಾಯುತ್ತದೆ. ತೊಳೆಯಬೇಡಿ.

ಪ್ರಶ್ನೆ: ಹುತ್ತದ ಮಣ್ಣು ಶ್ರೇಷ್ಠ ಅನ್ನುತ್ತಾರೆ, ಅಗೆದು ತರಲಾ? (ಹಿರಿಯೂರು)

ಉತ್ತರ: ಬೇಡ. ಹುತ್ತಕ್ಕೆ ಕೈ ಹಾಕಿ ಹಾವು ಕಚ್ಚಿಸಿಕೊಳ್ಳುವಷ್ಟು ಶ್ರೇಷ್ಠ ಅದರಲ್ಲಿ ಏನೂ ಇಲ್ಲ.

ಪ್ರಶ್ನೆ: ಮಣ್ಣು ಇಟ್ಟರೂ ರಾತ್ರಿ ಮಂಕರಿ ಒಳಗೆ ಕೆಂಪು ನುಸಿ ಕಚ್ಚುತ್ತದೆ. (ಹೊಸದುರ್ಗ)

ಉತ್ತರ: ಆ ನುಸಿ ಹಗಲು ಮರಿಯ ಮೈ ಮೇಲೆ ಇರುವುದಿಲ್ಲ, ಬಿದಿರಿನ ಸಂದಿಯಲ್ಲಿ ಅಡಗಿರುತ್ತದೆ. ಮರಿಗಳನ್ನು ಹೊರಗೆ ಬಿಟ್ಟು ಮಂಕರಿಗೆ ಕುದಿಯುವ ನೀರು ಸುರಿಯಿರಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ. ವಾರ ಬಿಟ್ಟು ಇನ್ನೊಮ್ಮೆ ಹೀಗೇ ಮಾಡಿ. ಮಂಕರಿ ತೀರಾ ಹಳತಾಗಿದ್ದರೆ ಸುಟ್ಟು ಹಾಕಿ ಹೊಸದು ತನ್ನಿ.