1990ರ ದಶಕದ ಆಲ್ಟರ್ನೇಟಿವ್ ರಾಕ್: ನನ್ನ ಎಂಟು ಆಲ್ಬಂಗಳು, ನನ್ನ ಕ್ರಮದಲ್ಲಿ

ನೀವು ಕೇಳಿರುವುದು ಎರಡು ವಿಷಯ. 1990ರ ದಶಕದ ಆಲ್ಟರ್ನೇಟಿವ್ ರಾಕ್ (ಅಂದರೆ ಮುಖ್ಯವಾಹಿನಿಯಿಂದ ಪಕ್ಕಕ್ಕೆ ನಿಂತು ಬೆಳೆದ ರಾಕ್) ಆಲ್ಬಂಗಳಲ್ಲಿ ನಿಮಗೆ ತುಂಬಾ ಇಷ್ಟವಾದವು ಯಾವುವು, ಮತ್ತು ಅವನ್ನು ಒಂದು, ಎರಡು, ಮೂರು ಅಂತ ಯಾವ ಲೆಕ್ಕದಲ್ಲಿ ಜೋಡಿಸುತ್ತೀರಿ. ಎರಡನೆಯದಕ್ಕೇ ಮೊದಲು ಉತ್ತರ ಕೊಡುತ್ತೇನೆ. ಅದು ಗೊತ್ತಿಲ್ಲದಿದ್ದರೆ ನನ್ನ ಕ್ರಮ ನಿಮಗೆ ತಲೆಬುಡ ಇಲ್ಲದ್ದು ಅನ್ನಿಸಬಹುದು.

ನಾನು ನೋಡುವುದು ಇಷ್ಟೇ: ಅವರು ನುಡಿಸಿದ ಜಾಗ ನನಗೆ ಕೇಳಿಸುತ್ತದೆಯಾ? ಡ್ರಮ್‌ನ ಏಟು ಗೋಡೆಗೆ ಬಡಿದು ತಿರುಗಿ ಬರುವುದು, ಹಾಡುವವರು ಸಾಲು ಶುರುಮಾಡುವ ಮುಂಚೆ ಉಸಿರು ಎಳೆದುಕೊಳ್ಳುವುದು, ತಂತಿಯ ಮೇಲೆ ಬೆರಳು ಸರಿದಾಗ ಬರುವ ಆ ಸಣ್ಣ ಕೀರಲು ಸದ್ದು. ಇವೆಲ್ಲ ಇದ್ದರೆ ನಾನೂ ಆ ಕೋಣೆಯಲ್ಲಿ ಒಂದು ಮೂಲೆಯಲ್ಲಿ ಕೂತಿದ್ದೇನೆ ಅನ್ನಿಸುತ್ತದೆ, ಅಂಥ ಆಲ್ಬಂ ಎಷ್ಟು ಸಲ ಕೇಳಿದರೂ ಹಳತಾಗುವುದಿಲ್ಲ. ಎಷ್ಟು ಪ್ರತಿ ಮಾರಾಟವಾಯಿತು, ಯಾವ ಪತ್ರಿಕೆ ಎಷ್ಟು ಸ್ಟಾರ್ ಕೊಟ್ಟಿತು ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಜೊತೆಗೆ ಇನ್ನೊಂದು ಷರತ್ತು: ಮೊದಲ ಹಾಡಿನಿಂದ ಕೊನೆಯದರವರೆಗೆ ಒಂದೇ ಪಟ್ಟಿಗೆ ಕೂತು ಕೇಳುವಂತಿರಬೇಕು.

ಮೊದಲನೆಯದು ನಿರ್ವಾನಾ ತಂಡದ ಇನ್ ಯೂಟೆರೊ, 1993.

ಅದೇ ತಂಡದ ನೆವರ್‌ಮೈಂಡ್ ಯಾಕಲ್ಲ ಅಂತ ನೀವು ಖಂಡಿತ ಕೇಳುತ್ತೀರಿ. 1991ರ ಸೆಪ್ಟೆಂಬರ್‌ನಲ್ಲಿ ಬಂದ ನೆವರ್‌ಮೈಂಡ್, 1992ರ ಜನವರಿಯಲ್ಲಿ ಮೈಕಲ್ ಜಾಕ್ಸನ್ ಅವರ ಡೇಂಜರಸ್ ಅನ್ನು ಕೆಳಗಿಳಿಸಿ ಅಮೆರಿಕದ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆಲ್ಟರ್ನೇಟಿವ್ ಅನ್ನುವ ಮಾತು ಮನೆಮನೆಗೆ ತಲುಪಿದ್ದು ಅದರಿಂದಲೇ. ಹಾಡುಗಳೂ ಒಂದಕ್ಕಿಂತ ಒಂದು ಚೆನ್ನಾಗಿವೆ. ಆದರೆ ಧ್ವನಿ ತುಂಬಾ ನುಣುಪು. ಬುಚ್ ವಿಗ್ ರೆಕಾರ್ಡ್ ಮಾಡಿದ್ದನ್ನು ಆಂಡಿ ವ್ಯಾಲೇಸ್ ಮಿಕ್ಸ್ ಮಾಡಿದರು (ಬೇರೆ ಬೇರೆ ಧ್ವನಿಗಳನ್ನು ಹದವಾಗಿ ಬೆರೆಸಿದರು), ಕೇಳಲು ಗಾಜು ಒರೆಸಿದ ಹಾಗಿದೆ. ಆ ನುಣುಪು ತನಗೆ ಹಿಡಿಸಲಿಲ್ಲ ಎಂದು ನಿರ್ವಾನಾದ ಗಾಯಕ ಕರ್ಟ್ ಕೋಬೇನ್ ಆಮೇಲೆ ಹೇಳಿಕೊಂಡರು. ಅದರಲ್ಲಿ ನನಗೆ ಜಾಗ ಕೇಳಿಸುವುದು ಒಂದೇ ಹಾಡಿನಲ್ಲಿ, ಸಮ್‌ಥಿಂಗ್ ಇನ್ ದ ವೇ. ಕೋಬೇನ್ ಅದನ್ನು ಹಾಡಿದ್ದು ಕಂಟ್ರೋಲ್ ರೂಮಿನ ಸೋಫಾದ ಮೇಲೆ ಮಲಗಿಕೊಂಡು, ಶ್ರುತಿ ತಪ್ಪಿದ ಹಳೆಯ ಗಿಟಾರ್ ಹಿಡಿದು, ಪಿಸುಮಾತಿನಷ್ಟು ಮೆಲ್ಲಗೆ.

ಮುಂದಿನ ಆಲ್ಬಂ, ಅಂದರೆ ಇನ್ ಯೂಟೆರೊ, ಪೂರ್ತಿ ಅಷ್ಟು ಹತ್ತಿರದಿಂದ ಕೇಳಿಸಬೇಕು ಅಂತ ಅವರಿಗೆ ಅನ್ನಿಸಿತ್ತೇನೋ. 1993ರ ಫೆಬ್ರುವರಿಯಲ್ಲಿ ಮಿನೆಸೋಟಾದ ಕ್ಯಾನನ್ ಫಾಲ್ಸ್ ಎಂಬ ಸಣ್ಣ ಊರಿನ ಪ್ಯಾಕಿಡರ್ಮ್ ಸ್ಟುಡಿಯೋಗೆ ಹೋದರು, ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ ಜೊತೆ. ಸುಮಾರು ಎರಡು ವಾರದಲ್ಲಿ ಕೆಲಸ ಮುಗಿಯಿತು. ಆಲ್ಬಿನಿ ತಮ್ಮನ್ನು ಪ್ರೊಡ್ಯೂಸರ್ ಅಂತ ಕರೆಸಿಕೊಳ್ಳುತ್ತಿರಲಿಲ್ಲ. ಮಾರಾಟದಲ್ಲಿ ಪಾಲು ಬೇಡ, ನಲ್ಲಿ ರಿಪೇರಿ ಮಾಡುವವನಿಗೆ ಕೊಟ್ಟ ಹಾಗೆ ಕೆಲಸಕ್ಕೆ ತಕ್ಕ ದುಡ್ಡು ಕೊಡಿ ಸಾಕು ಎಂದು ಮೊದಲೇ ಪತ್ರ ಬರೆದಿದ್ದರು. ಕೋಟಿಗಟ್ಟಲೆ ಬರಬಹುದಾಗಿದ್ದ ಕೆಲಸಕ್ಕೆ ಹಾಗೆ ಹೇಳುವುದು ಸಣ್ಣ ಮಾತಲ್ಲ. ಆ ಪತ್ರ ಓದಿದ ಮೇಲೆ ಅವರ ಮೇಲೆ ನನಗಿದ್ದ ಗೌರವ ಇನ್ನೂ ಹೆಚ್ಚಾಯಿತು. 2024ರಲ್ಲಿ ಅವರು ತೀರಿಕೊಂಡಾಗ ನಾನು ಮೊದಲು ಹಾಕಿದ್ದು ಇದೇ ಆಲ್ಬಂ.

ಸೆಂಟ್‌ಲೆಸ್ ಅಪ್ರೆಂಟಿಸ್ ಹಾಡಿನ ಶುರುವಿನ ಡ್ರಮ್ ಕೇಳಿ. ಅಲ್ಲಿ ಕೇಳಿಸುವುದು ಡ್ರಮ್ ಮಾತ್ರ ಅಲ್ಲ, ಡೇವ್ ಗ್ರೋಲ್ ಕೂತಿರುವ ಇಡೀ ಕೋಣೆ. ಆಲ್ಬಿನಿ ಡ್ರಮ್ಮಿಗೆ ಹತ್ತಿರವೂ ದೂರವೂ ಹಲವು ಮೈಕ್ ಇಡುತ್ತಿದ್ದರು, ಅದಕ್ಕೇ ಆ ಗಾತ್ರ. ಆಮೇಲೆ ಡಂಬ್ ಹಾಡಿನಲ್ಲಿ ಸೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಬರುತ್ತದೆ, ಅದೂ ಪಕ್ಕದಲ್ಲೇ ಕೂತು ನುಡಿಸಿದ ಹಾಗೆ. ಹಾರ್ಟ್ ಶೇಪ್ಡ್ ಬಾಕ್ಸ್ ಮತ್ತು ಆಲ್ ಅಪಾಲಜೀಸ್ ಎರಡನ್ನೂ ಆಮೇಲೆ ಸ್ಕಾಟ್ ಲಿಟ್ ಮತ್ತೆ ಮಿಕ್ಸ್ ಮಾಡಿದರು, ಗಮನ ಕೊಟ್ಟರೆ ಆ ಎರಡು ಹಾಡುಗಳ ಗಾಳಿಯೇ ಬೇರೆ ಅಂತ ಗೊತ್ತಾಗುತ್ತದೆ. ನನಗೆ ಅದರಿಂದ ಬೇಸರ ಇಲ್ಲ. ಹಾಡು ಗಟ್ಟಿಯಾಗಿದ್ದರೆ ಅಷ್ಟನ್ನು ತಡೆದುಕೊಳ್ಳುತ್ತದೆ.

ಎರಡನೆಯದು ಸ್ಲಿಂಟ್ ತಂಡದ ಸ್ಪೈಡರ್‌ಲ್ಯಾಂಡ್, 1991. ಕೆಂಟಕಿಯ ಲೂಯಿವಿಲ್‌ನ ನಾಲ್ವರು, ಎಲ್ಲರಿಗೂ ಇಪ್ಪತ್ತರ ಆಸುಪಾಸು. ನಾಲ್ಕೇ ದಿನದಲ್ಲಿ ರೆಕಾರ್ಡ್ ಮಾಡಿದರು, ಆರೇ ಹಾಡು, ಆಲ್ಬಂ ಅಂಗಡಿಗೆ ಬರುವಷ್ಟರಲ್ಲಿ ತಂಡವೇ ಇರಲಿಲ್ಲ. ಮುಖಪುಟದಲ್ಲಿ ಕಲ್ಲುಕ್ವಾರಿಯ ನೀರಿನಿಂದ ನಾಲ್ಕು ತಲೆಗಳು ಮೇಲೆ ಬಂದಿವೆ, ನಗುತ್ತಿವೆ. ಒಳಗಿನ ಸಂಗೀತಕ್ಕೂ ಆ ನಗುವಿಗೂ ಸಂಬಂಧವೇ ಇಲ್ಲ.

ಇದರಲ್ಲಿ ಹಾಡುವುದು ಕಡಿಮೆ, ಮಾತಾಡುವುದು ಜಾಸ್ತಿ. ಬ್ರಯನ್ ಮ್ಯಾಕ್‌ಮಹನ್ ಯಾರಿಗೋ ಗುಟ್ಟು ಹೇಳುವ ಹಾಗೆ ಮೆಲ್ಲಗೆ ಮಾತಾಡುತ್ತಾ ಹೋಗುತ್ತಾರೆ, ಗಿಟಾರ್ ಒಂದೊಂದೇ ತಂತಿ ಮೀಟುತ್ತಾ ಪಕ್ಕದಲ್ಲಿ ನಡೆಯುತ್ತದೆ, ಏನೂ ಆಗುತ್ತಿಲ್ಲ ಅಂತ ನೀವು ಅಂದುಕೊಳ್ಳುವಷ್ಟರಲ್ಲಿ ಎದೆ ಹೊಡೆದುಕೊಳ್ಳಲು ಶುರುವಾಗಿರುತ್ತದೆ. ಕೊನೆಯ ಹಾಡು ಗುಡ್ ಮಾರ್ನಿಂಗ್ ಕ್ಯಾಪ್ಟನ್‌ನ ಕೊನೆಯಲ್ಲಿ ಅವರು ಒಮ್ಮೆಲೇ ಕಿರುಚುತ್ತಾರೆ. ಅಷ್ಟು ಹೊತ್ತು ಹಿಡಿದಿಟ್ಟುಕೊಂಡಿದ್ದಕ್ಕೇ ಆ ಕೂಗಿಗೆ ಅಷ್ಟು ಬಲ. ದಯವಿಟ್ಟು ಆ ಹಾಡನ್ನು ಮಾತ್ರ ಹುಡುಕಿ ಕೇಳಬೇಡಿ, ಉಳಿದ ಐದರ ಮೂಲಕವೇ ಅಲ್ಲಿಗೆ ಹೋಗಿ. ಇದನ್ನು ಮೊದಲ ಸ್ಥಾನದಲ್ಲಿ ಯಾಕೆ ಇಡಲಿಲ್ಲ ಅಂದರೆ, ಬೇಕಾದಾಗಲೆಲ್ಲ ಇದನ್ನು ಕೇಳಲು ಆಗುವುದಿಲ್ಲ. ಮನಸ್ಸು ಸ್ವಲ್ಪ ಗಟ್ಟಿ ಇರಬೇಕು.

ಮೂರನೆಯದರಲ್ಲಿ ನನ್ನ ಅಳತೆಗೋಲು ಮುರಿಯುತ್ತದೆ. ಮೈ ಬ್ಲಡಿ ವ್ಯಾಲೆಂಟೈನ್‌ನ ಲವ್‌ಲೆಸ್, 1991. ಇಲ್ಲಿ ಕೋಣೆಯೇ ಇಲ್ಲ. ಎರಡು ವರ್ಷದಲ್ಲಿ ಸುಮಾರು 19 ಸ್ಟುಡಿಯೋಗಳನ್ನು ಬದಲಾಯಿಸಿ ಮಾಡಿದ ಆಲ್ಬಂ ಇದು. ಡ್ರಮ್ ಬಾರಿಸುವ ಕಾಲ್ಮ್ ಓ ಕೀಸಾಗ್ ಅವರಿಗೆ ಆರೋಗ್ಯ ಸರಿ ಇರಲಿಲ್ಲ, ಹಾಗಾಗಿ ಡ್ರಮ್‌ನ ಬಹುಪಾಲನ್ನು ಅವರೇ ಬಾರಿಸಿದ ತುಣುಕುಗಳಿಂದ ಜೋಡಿಸಿದ್ದಾರೆ. ಕೆವಿನ್ ಶೀಲ್ಡ್ಸ್ ಗಿಟಾರಿನ ಟ್ರೆಮೊಲೊ ಕಡ್ಡಿಯನ್ನು ಕೈಯಲ್ಲೇ ಹಿಡಿದುಕೊಂಡು ಮೀಟುತ್ತಾರೆ. ಅದರಿಂದ ಪ್ರತಿ ಸ್ವರವೂ ಒಂದಿಷ್ಟು ಮೇಲೆ ಕೆಳಗೆ ಜಾರುತ್ತಲೇ ಇರುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಎಷ್ಟೋ ಗಿಟಾರ್ ಒಂದರ ಮೇಲೊಂದು ಪೇರಿಸಿದ್ದಾರೆ ಅಂತ ನಾನೂ ಬಹಳ ಕಾಲ ನಂಬಿದ್ದೆ. ಆದರೆ ಶೀಲ್ಡ್ಸ್ ಹೇಳುವ ಪ್ರಕಾರ ಗಿಟಾರ್ ಟ್ರ್ಯಾಕ್‌ಗಳು ಜನ ಅಂದುಕೊಂಡಷ್ಟು ಇಲ್ಲ.

ಮೊದಲ ಸಲ ಕೇಳಿದಾಗ ನನಗೆ ಇದು ಹಿಡಿಸಲೇ ಇಲ್ಲ. ಹಾಡುವ ದನಿ ಎಲ್ಲೋ ಹಿಂದೆ, ಪದಗಳು ಅಸ್ಪಷ್ಟ, ಎಲ್ಲವೂ ಮಸುಕು. ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಎಷ್ಟೋ ತಿಂಗಳಾದ ಮೇಲೆ ಒಂದು ರಾತ್ರಿ ನಿದ್ದೆ ಬರದೆ ಹೆಡ್‌ಫೋನ್ ಹಾಕಿಕೊಂಡು ಸಮ್‌ಟೈಮ್ಸ್ ಹಾಡಿಗೆ ಬಂದಾಗ ಏನಾಯಿತೋ ಗೊತ್ತಿಲ್ಲ, ಆ ಮಸುಕಿನ ಒಳಗಿನಿಂದ ರಾಗ ತಾನಾಗಿ ಎದ್ದು ಬಂತು. ತಂಡದ ಗಾಯಕಿ ಬಿಲಿಂಡಾ ಬುಚರ್ ಎಷ್ಟೋ ಹಾಡುಗಳನ್ನು ಆಗಷ್ಟೇ ನಿದ್ದೆಯಿಂದ ಎದ್ದು ಹಾಡಿದ್ದರು ಎಂದು ಓದಿದ್ದು ಆಮೇಲೆ. ಅರೆನಿದ್ದೆಯಲ್ಲಿ ಹಾಡಿದ್ದನ್ನು ಅರೆನಿದ್ದೆಯಲ್ಲೇ ಕೇಳಬೇಕಿತ್ತು, ಅಲ್ವಾ? ಇಲ್ಲಿ ಜಾಗ ಹೊರಗೆ ಎಲ್ಲೂ ಇಲ್ಲ, ಕೇಳುವವರ ತಲೆಯೇ ಆ ಕೋಣೆ ಅಂತ ನಾನು ಅರ್ಥಮಾಡಿಕೊಂಡಿದ್ದೇನೆ. ಅದಕ್ಕೇ ನನ್ನ ಲೆಕ್ಕಕ್ಕೆ ಒಗ್ಗದಿದ್ದರೂ ಮೂರನೆಯ ಸ್ಥಾನ.

ನಾಲ್ಕನೆಯದಕ್ಕೆ ಜಗಳಕ್ಕೆ ಬರುವವರು ಇರುತ್ತಾರೆ: ರೇಡಿಯೋಹೆಡ್‌ನ ಓಕೆ ಕಂಪ್ಯೂಟರ್, 1997. ಬಹಳ ಪಟ್ಟಿಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಜಾಗದ ವಿಷಯಕ್ಕೆ ಬಂದರೆ ಇದರ ಕತೆ ಎಲ್ಲಕ್ಕಿಂತ ಚೆಂದ. ಆಲ್ಬಂನ ಹೆಚ್ಚಿನ ಭಾಗವನ್ನು ಇಂಗ್ಲೆಂಡಿನ ಬಾತ್ ಊರಿನ ಹತ್ತಿರದ ಸೇಂಟ್ ಕ್ಯಾಥರಿನ್ಸ್ ಕೋರ್ಟ್ ಎಂಬ ಹಳೇ ಬಂಗಲೆಯಲ್ಲಿ ರೆಕಾರ್ಡ್ ಮಾಡಿದರು. ಅದು ಆಗ ನಟಿ ಜೇನ್ ಸೀಮೋರ್ ಅವರದು. ಪ್ರೊಡ್ಯೂಸರ್ ನೈಜೆಲ್ ಗಾಡ್ರಿಚ್ ಸಲಕರಣೆಗಳನ್ನೆಲ್ಲ ಅಲ್ಲಿಗೇ ಸಾಗಿಸಿದರು, ಆಮೇಲೆ ಕೋಣೆ ಕೋಣೆಗೂ ಒಂದೊಂದು ಧ್ವನಿ ಹುಡುಕಿದರು. ಎಕ್ಸಿಟ್ ಮ್ಯೂಸಿಕ್ ಹಾಡನ್ನು ಥಾಮ್ ಯಾರ್ಕ್ ಹಾಡಿದ್ದು ಕಲ್ಲಿನ ಮೆಟ್ಟಿಲುಗಳ ಹತ್ತಿರ, ಆ ಗುಂಯ್ ಅನ್ನುವ ಮಾರ್ದನಿ ಕಲ್ಲಿನದು, ಯಂತ್ರದ್ದಲ್ಲ. ಲೆಟ್ ಡೌನ್ ಅನ್ನು ಬಾಲ್‌ರೂಮಿನಲ್ಲಿ ರಾತ್ರಿ 3 ಗಂಟೆಗೆ ನುಡಿಸಿದರು. ಆ ಹಾಡಿನ ಕೊನೆಯಲ್ಲಿ ಎರಡು ದನಿ ಒಂದರ ಮೇಲೊಂದು ಏರುವ ಜಾಗ ಬಂದಾಗ ನಾನು ಮಾಡುತ್ತಿರುವ ಕೆಲಸ ನಿಲ್ಲಿಸಿಬಿಡುತ್ತೇನೆ, ಈಗಲೂ.

ಪ್ಯಾರನಾಯ್ಡ್ ಆಂಡ್ರಾಯ್ಡ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಮೂರು ತುಂಡುಗಳನ್ನು ಹೊಲಿದು ಮಾಡಿದ ಆರೂವರೆ ನಿಮಿಷದ ಹಾಡು, ಅದರ ಬಗ್ಗೆ ನನ್ನದೇನೂ ಸೇರಿಸುವುದಿಲ್ಲ. ಆದರೆ ಫಿಟರ್ ಹ್ಯಾಪಿಯರ್ ಬಂದಾಗ ದಾಟಿಸಬೇಡಿ. ಅದು ಹಾಡಲ್ಲ, ಮ್ಯಾಕಿಂಟಾಷ್ ಕಂಪ್ಯೂಟರಿನ ದನಿ ಸುಮ್ನೆ ಒಂದು ಪಟ್ಟಿ ಓದುತ್ತದೆ. ಉಸಿರು ಇಲ್ಲದ ದನಿಯೊಂದೇ ಶುರುವಿನಿಂದ ಕೊನೆವರೆಗೆ ಮಾತಾಡುವುದು ಅಲ್ಲಿ ಮಾತ್ರ. ಅದನ್ನು ಕೇಳಿದ ಮೇಲೆ ಉಳಿದ ಹಾಡುಗಳಲ್ಲಿ ಯಾರ್ಕ್ ಉಸಿರಾಡುವುದು ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಹಾಗಿದ್ದರೆ ನಾಲ್ಕನೆಯದು ಯಾಕೆ? ಆ ತುಂಡಿನ ಬೆನ್ನಿಗೇ ಬರುವ ಇಲೆಕ್ಷನಿಯರಿಂಗ್‌ನಿಂದ. ಅಷ್ಟು ಹೊತ್ತು ಬಂಗಲೆಯ ಒಳಗಿದ್ದವನನ್ನು ಆ ಹಾಡು ಹೊರಗೆ ತಂದು ನಿಲ್ಲಿಸುತ್ತದೆ, ಮತ್ತೆ ಒಳಗೆ ಹೋಗಲು ನನಗೆ ಸ್ವಲ್ಪ ಸಮಯ ಬೇಕು.

ಐದು, ಆರ್.ಇ.ಎಂ.ನ ಆಟೊಮ್ಯಾಟಿಕ್ ಫಾರ್ ದ ಪೀಪಲ್, 1992. ಎಲ್ಲರೂ ಜೋರಾಗಿ ನುಡಿಸುತ್ತಿದ್ದ ವರ್ಷದಲ್ಲಿ ಇವರು ದನಿ ತಗ್ಗಿಸಿದರು. ಅಗಲಿಕೆ, ಸಾವು, ಕಳೆದುಹೋದ ದಿನಗಳು, ಇವೇ ವಿಷಯ. ನಾಲ್ಕು ಹಾಡುಗಳಿಗೆ ತಂತಿವಾದ್ಯಗಳ ಜೋಡಣೆ ಮಾಡಿದ್ದು ಲೆಡ್ ಜೆಪೆಲಿನ್‌ನ ಜಾನ್ ಪಾಲ್ ಜೋನ್ಸ್, ಆದರೆ ಎಲ್ಲೂ ಅದು ಮುಂದೆ ಬಂದು ನಿಲ್ಲುವುದಿಲ್ಲ. ಎವ್ರಿಬಡಿ ಹರ್ಟ್ಸ್ ಹಾಡಿನ ಬಹುಭಾಗ ಬರೆದದ್ದು ಡ್ರಮ್ಮರ್ ಬಿಲ್ ಬೆರಿ, ಆದರೆ ಅದರಲ್ಲಿ ಹೆಚ್ಚು ಹೊತ್ತು ತಾಳ ಹಿಡಿಯುವುದು ಡ್ರಮ್ ಮಷಿನ್. ಹಾಡಿಗೆ ಏನು ಬೇಕೋ ಅಷ್ಟೇ ಕೊಟ್ಟು ತಾನು ಪಕ್ಕಕ್ಕೆ ಸರಿದು ನಿಂತ ಆ ಮನಸ್ಸು ನನಗೆ ತುಂಬಾ ಇಷ್ಟ. ನೈಟ್‌ಸ್ವಿಮಿಂಗ್‌ನಲ್ಲಿ ಡ್ರಮ್ ಇಲ್ಲ, ಗಿಟಾರ್ ಇಲ್ಲ. ಪಿಯಾನೋ ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತದೆ, ಮೈಕಲ್ ಸ್ಟೈಪ್ ಹಾಡುತ್ತಾರೆ, ಕೊನೆಗೆ ಓಬೋ ಎಂಬ ಊದುವ ವಾದ್ಯ ಬರುತ್ತದೆ. ಹಳೇ ಗೆಳೆಯರ ನೆನಪಾಗದೆ ಆ ಹಾಡನ್ನು ಒಮ್ಮೆಯೂ ಮುಗಿಸಿಲ್ಲ ನಾನು.

ಆರನೆಯದು ಎಲಿಯಟ್ ಸ್ಮಿತ್ ಅವರ ಐದರ್ ಆರ್, 1997. ಇದರ ಹಾಡುಗಳಲ್ಲಿ ಕೆಲವನ್ನು ಮನೆಗಳಲ್ಲೇ ರೆಕಾರ್ಡ್ ಮಾಡಿದ್ದು. ಪಿಸುದನಿ, ಅದೇ ದನಿ ಇನ್ನೊಂದು ಪದರವಾಗಿ ಅದರ ಮೇಲೆ, ಕಿವಿಗೆ ಅಷ್ಟು ಹತ್ತಿರ. ಬಿಟ್ವೀನ್ ದ ಬಾರ್ಸ್ ಎರಡೂವರೆ ನಿಮಿಷವೂ ಇಲ್ಲ, ಅಷ್ಟರಲ್ಲಿ ಒಂದು ರಾತ್ರಿ ಪೂರ್ತಿ ಕಳೆದುಹೋಗುತ್ತದೆ.

ಏಳನೆಯದು ಜೆಫ್ ಬಕ್ಲಿ ಅವರ ಗ್ರೇಸ್, 1994. ಬದುಕಿದ್ದಾಗ ಅವರು ಪೂರ್ತಿ ಮಾಡಿದ್ದು ಇದೊಂದೇ ಸ್ಟುಡಿಯೋ ಆಲ್ಬಂ. 1997ರ ಮೇ ತಿಂಗಳಲ್ಲಿ ಮೆಂಫಿಸ್‌ನ ವುಲ್ಫ್ ನದಿಯಲ್ಲಿ ಈಜಲು ಇಳಿದವರು ಮುಳುಗಿ ತೀರಿಕೊಂಡರು, ಆಗ 30 ವರ್ಷ. ಪ್ರೊಡ್ಯೂಸರ್ ಅದೇ ಆಂಡಿ ವ್ಯಾಲೇಸ್, ನೆವರ್‌ಮೈಂಡ್ ಅನ್ನು ನುಣುಪಾಗಿಸಿದವರು. ಇಲ್ಲಿ ಅವರು ಎಷ್ಟು ಕಡಿಮೆ ಕೈ ಹಾಕಬೇಕೋ ಅಷ್ಟೇ ಹಾಕಿದ್ದಾರೆ. ಲೆನರ್ಡ್ ಕೊಹೆನ್ ಅವರ ಹ್ಯಾಲೆಲೂಯ ಬಕ್ಲಿ ದನಿಯಲ್ಲಿ ಶುರುವಾಗುವುದು ಒಂದು ನಿಟ್ಟುಸಿರಿನಿಂದ, ಅದನ್ನು ಕತ್ತರಿಸದೆ ಉಳಿಸಿದ್ದಾರೆ. ನನಗೆ ಇಡೀ ಆಲ್ಬಂನಲ್ಲಿ ಅದೇ ಅತಿ ಹೆಚ್ಚು ಬೆಲೆಯ ಸದ್ದು. ಒಂದೆರಡು ಕಡೆ ದನಿಯ ಕಸರತ್ತು ಜಾಸ್ತಿಯಾಯಿತು ಅನ್ನಿಸುತ್ತದೆ, ಅದಕ್ಕೆ ಇಷ್ಟು ಕೆಳಗೆ.

ಪರ್ಲ್ ಜಾಮ್‌ನ ಟೆನ್, ಸ್ಮ್ಯಾಶಿಂಗ್ ಪಂಪ್ಕಿನ್ಸ್‌ನ ಸಯಾಮೀಸ್ ಡ್ರೀಮ್ ಎರಡೂ ನನ್ನಲ್ಲಿವೆ, ಕೇಳುತ್ತೇನೆ, ಪಟ್ಟಿಗೆ ಬರಲಿಲ್ಲ. ಸಯಾಮೀಸ್ ಡ್ರೀಮ್ ಬಹಳ ಹತ್ತಿರ ಬಂದಿತ್ತು.

ಎಂಟನೆಯದು ಪಿಜೆ ಹಾರ್ವಿ ಅವರ ರಿಡ್ ಆಫ್ ಮಿ, 1993. ಇದನ್ನು ಇನ್ ಯೂಟೆರೊದ ಪಕ್ಕದಲ್ಲೇ ಇಟ್ಟು ಕೇಳಬೇಕು, ಯಾಕೆಂದರೆ ಅದೇ ಪ್ಯಾಕಿಡರ್ಮ್ ಸ್ಟುಡಿಯೋ, ಅದೇ ಆಲ್ಬಿನಿ. ನಿರ್ವಾನಾ ಅಲ್ಲಿಗೆ ಹೋಗುವುದಕ್ಕೆ ಎರಡು ತಿಂಗಳ ಮುಂಚೆ, 1992ರ ಡಿಸೆಂಬರ್‌ನಲ್ಲಿ ರೆಕಾರ್ಡ್ ಆದದ್ದು. ಮೂರೇ ಜನ, ಗಿಟಾರ್, ಬಾಸ್, ಡ್ರಮ್. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಒಂದೇ ಕೋಣೆಯಲ್ಲಿ ಬೇರೆ ಬೇರೆ ಜನ ಬಂದು ಹೋದದ್ದು ಗೊತ್ತಾಗುತ್ತದೆ. ಹಾರ್ವಿ ಇನ್ನೂ ಒರಟು, ಇನ್ನೂ ಧೈರ್ಯವಂತೆ. ಕೆಲವು ವಾರ ಇದನ್ನು ಮೂರಕ್ಕೋ ನಾಲ್ಕಕ್ಕೋ ಏರಿಸಬೇಕು ಅನ್ನಿಸುತ್ತದೆ, ಹಾಗೆ ಅನ್ನಿಸಿದಾಗ ಮತ್ತೆ ಲವ್‌ಲೆಸ್ ಕೇಳುತ್ತೇನೆ, ಮತ್ತೆ ಇಲ್ಲೇ ಉಳಿಸುತ್ತೇನೆ.

ಇದನ್ನು ಹಾಕುವಾಗ ಒಂದು ವಿಷಯ ನೆನಪಿಡಿ. ಮೊದಲ ಹಾಡು ತುಂಬಾ ಸಣ್ಣ ದನಿಯಲ್ಲಿ ಶುರುವಾಗುತ್ತದೆ, ಕೇಳಿಸುತ್ತಲೇ ಇಲ್ಲ ಅನ್ನಿಸುವಷ್ಟು. ಹೆಡ್‌ಫೋನ್ ಹಾಕಿದ್ದರೆ ವಾಲ್ಯೂಮ್ ಹೆಚ್ಚಿಸಬೇಡಿ, ಎರಡು ನಿಮಿಷ ತಾಳಿ.